ನವಾಬರ ಮೋಟಾರು ಎಣ್ಣೆ ಕುಡಿದ ಪ್ರಸಂಗ

ಆಗ ನಾರಾಯಣಖೇಡದಲ್ಲಿ ಮೋಟಾರಿನ ವಿದ್ಯೆಗೆ ಹೆಸರಾದವರು ಇಬ್ಬರಿದ್ದರು. ಒಬ್ಬ ನರಸಿಂಹುಲು. ಅವನು ಊರು ಬಿಟ್ಟು ಹೋದ. ಇನ್ನೊಬ್ಬ ನಮ್ಮ ಬಂಡೆಪ್ಪ. ಅವನಿಗೆ ಆ ವಿದ್ಯೆ ಬರುತ್ತಿರಲಿಲ್ಲ.

ಇದನ್ನು ನಾನು ಹೀಯಾಳಿಸಿ ಹೇಳುತ್ತಿಲ್ಲ. ಬಂಡೆಪ್ಪನ ಮೇಲೆ ನನಗಿದ್ದಷ್ಟು ಗೌರವ ನಿಜಾಮ್ ಸರ್ಕಾರದ ಯಾವ ಹುದ್ದೇದಾರನ ಮೇಲೂ ಇರಲಿಲ್ಲ. ಬಲ್ಲವನು ಕೆಲಸ ಮಾಡಿ ಮುಗಿಸಿದರೆ ಅದರಲ್ಲೇನು ಹೆಚ್ಚುಗಾರಿಕೆ? ಏನೂ ತಿಳಿಯದೆ ಕೈಹಾಕಿ, ಊರೆಲ್ಲ ನೋಡುತ್ತಿರುವಾಗ ಹಿಂದೆ ಸರಿಯದೆ ನಿಲ್ಲುವುದಕ್ಕೆ ಗುಂಡಿಗೆ ಬೇಕು. ಅವನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಈ ಪ್ರಸಂಗದಲ್ಲಿ ಕಣ್ಣಾರೆ ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಕಾಣದ್ದನ್ನು ಬಂಡೆಪ್ಪ ಮತ್ತು ಅವನ ಹೆಂಡತಿ ತಾರಾಬಾಯಿ ಹೇಳಿದಂತೆ ಹೇಳುತ್ತೇನೆ. ಇಬ್ಬರ ಮಾತು ಬೇರೆಯಾದ ಕಡೆ ತಾರಾಬಾಯಿಯನ್ನು ನಂಬಿದ್ದೇನೆ.

ಬಂಡೆಪ್ಪ ಜಾಗೀರ್ದಾರರ ಕಚೇರಿಯಲ್ಲಿ ಗಂಟು ಕಟ್ಟುವ ಕೆಲಸದಲ್ಲಿದ್ದ. ಹಳೆಯ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಬಿಗಿದು, ಅಟ್ಟಕ್ಕೇರಿಸುವುದು. ಯಾರಾದರೂ ಕೇಳಿದರೆ ಇಳಿಸುವುದು. ಯಾರೂ ಕೇಳುತ್ತಿರಲಿಲ್ಲ. ಹಿರಿಯ ಗುಮಾಸ್ತರಾದ ಪೇಶ್ಕಾರರಿಂದ ಹಿಡಿದು ನೀರು ತರುವ ಜವಾನನವರೆಗೆ ಎಲ್ಲರ ಬಾಯಲ್ಲೂ ಅವನು 'ಏ ಬಂಡ್ಯಾ'. ಹೀಗೆ ಧೂಳಿನಲ್ಲೇ ಅರ್ಧ ಆಯುಷ್ಯ ಕಳೆದಿರುವಾಗ ಜಾಗೀರ್ದಾರರ ಕಿರಿಯ ಮಗ ಛೋಟೆ ನವಾಬರು ವಿಲಾಯತಿನಿಂದ ಬ್ಯಾರಿಸ್ಟರಾಗಿ ಬಂದರು. ಬರುವಾಗ ಒಂದು ಮೋಟಾರನ್ನೂ ತಂದರು.

ಅಂಥ ಮೋಟಾರನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಎಲೆಹಸಿರು ಬಣ್ಣ, ತೆಳ್ಳನೆಯ ತಂತಿಗಳ ಗಾಲಿ, ಉದ್ದನೆಯ ಮೂತಿ. ಮೂತಿಯ ಮೇಲೆ ಕುದುರೆಗೆ ಜೀನು ಬಿಗಿದ ಹಾಗೆ ಒಂದು ಚರ್ಮದ ಪಟ್ಟಿ. ಕೂರಲು ಎರಡೇ ಜಾಗ. ಚಾವಣಿ ಇಲ್ಲ. ಓಟದ ಪಂದ್ಯಕ್ಕೆಂದು ಇಂಗ್ಲಿಷರು ಮಾಡಿದ ಗಾಡಿಯಂತೆ ಅದು. ಊರವರು ಅದನ್ನು ಸುತ್ತುಹಾಕಿ ನೋಡಿ, ಉಳಿದ ಅರ್ಧ ಹಡಗಿನಿಂದ ಇಳಿಸುವಾಗ ಸಮುದ್ರಕ್ಕೆ ಬಿದ್ದಿರಬೇಕೆಂದು ತೀರ್ಮಾನಿಸಿದರು. ಆದರೆ ಶುರುವಾದಾಗ ಅದು ಹೊರಡಿಸುತ್ತಿದ್ದ ಸದ್ದು! ಈಗ ನೆನೆದರೂ ನನ್ನ ಎದೆ ಅರಳುತ್ತದೆ. ಅಷ್ಟು ಚೆಲುವಾದ ವಸ್ತುವನ್ನು ನಾನು ಆಮೇಲೆ ನೋಡಿಲ್ಲ.

ಛೋಟೆ ನವಾಬರಿಗೆ ಮುಂಬಯಿಯಲ್ಲಿ ಮದುವೆ ಗೊತ್ತಾಯಿತು. ಅದೇ ಹೊತ್ತಿಗೆ, ಮೋಟಾರು ನೋಡಿಕೊಳ್ಳುತ್ತಿದ್ದ ಡ್ರೈವರ್ ನರಸಿಂಹುಲು ಯಾವುದೋ ಬಸ್ಸಿನ ಕಂಪನಿಯಲ್ಲಿ ಕೆಲಸ ಸಿಕ್ಕಿ ವರಂಗಲ್ಲಿನ ಕಡೆ ಹೊರಟು ನಿಂತ. ನವಾಬರು ಕಚೇರಿಗೆ ಬಂದು, "ಮೋಟಾರಿನ ಕೆಲಸ ಇಲ್ಲಿ ಯಾರಿಗಾದ್ರೂ ಮಾಲೂಮ್ ಅದ ಏನು?" ಎಂದು ಕೇಳಿದರು. ಎಲ್ಲರೂ ತಲೆ ತಗ್ಗಿಸಿದರು. ಬಂಡೆಪ್ಪ ಹಿಂದೊಮ್ಮೆ ವಿಕಾರಾಬಾದಿನಿಂದ ಬರುವಾಗ ಬಸ್ಸಿನಲ್ಲಿ ಡ್ರೈವರನ ಪಕ್ಕ ಕೂತಿದ್ದ. ಕೇಳಿಕೊಂಡು ಒಂದು ಸಲ ಹಾರ್ನ್ ಒತ್ತಿಯೂ ಇದ್ದ. ಆ ಹಾರ್ನಿನ ನೆನಪು ಅವನ ಬಾಯಿಂದ ತಾನಾಗಿ ಹೊರಬಿತ್ತು.

"ಹುಜೂರ್, ನನಗ ಸ್ವಲ್ಪ ಗೊತ್ತದರಿ."

"ಶಾಬಾಷ್!" ಎಂದರು ನವಾಬರು. "ಬೇಗಮ್ ಸಾಹೇಬರನ್ನ ಕರ್ಕೊಂಡು ಮುಂಬಯಿ ಮೇಲ್ ರೈಲಿನಾಗ ಬಂದು ತಾಂಡೂರಿನಾಗ ಇಳೀತೀನಿ. ಮೋಟಾರು ಸ್ಟೇಷನ್ನಿಗಿ ತಗೊಂಡು ಬಾ. ನೆಟ್ಟಗಿದ್ರ ನೀನೇ ಮೋಟಾರ್‌ಖಾನೆ ದರೋಗಾ, ಅಲ್ಲಿನ ಹಿರೇ ಅಧಿಕಾರಿ. ಕೆಟ್ಟಿತ್ತಂದ್ರ, ಬೀದರಿನ ನಮ್ಮ ಕಾಕಾನ ಮಗ ಅದರ ಮ್ಯಾಲ ಕಣ್ಣಿಟ್ಟು ಕುಂತಾನ, ಅವನಿಗಿ ಕೊಟ್ಟುಬಿಡ್ತೀನಿ. ನೀನು ನಿನ್ನ ಗಂಟು ಕಟ್ಕೋತ ಕೂಡು."

ಮರುದಿನವೇ ಪೇಶ್ಕಾರರು "ಬರ್ರಿ ಬಂಡೆಪ್ಪನೋರ, ಚಹಾ ಕುಡೀರಿ" ಎಂದರು. ಬಂಡೆಪ್ಪ ತನ್ನ ಹಿಂದೆ ಬೇರೆ ಯಾವ ಬಂಡೆಪ್ಪ ನಿಂತಿದ್ದಾನೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಆ ಚಹಾದ ರುಚಿ ಹತ್ತಿದ ಮೇಲೆ ಮತ್ತೆ ಅಟ್ಟದ ಧೂಳಿಗೆ ಹೋಗುವುದೆಂದರೆ ಅವನಿಗೆ ಸಾವೇ ಸರಿ.

ನರಸಿಂಹುಲು ಹೋಗುವ ಮೊದಲು ತಿಳಿದದ್ದನ್ನೆಲ್ಲ ಕಲಿಸಿದ. ಗಾಡಿ ಓಡಿಸುವುದನ್ನು ಬಂಡೆಪ್ಪ ಬಲು ಬೇಗ ಕಲಿತ. ಅದನ್ನು ನಾನು ಒಪ್ಪಲೇಬೇಕು. ಕೊನೆಯ ದಿನ ನರಸಿಂಹುಲು ಮೂತಿಯ ಮುಚ್ಚಳ ಎತ್ತಿ ಎಂಜಿನ್ನು ತೋರಿಸಿದ.

"ದಿನಾ ಮುಂಜಾನಿ ಈ ಕಡ್ಡಿ ಎಳದು ನೋಡ್ರಿ. ಎಣ್ಣಿ ಈ ಗೀಟಿನ ಕೆಳಗ ಇಳೀತಂದ್ರ ಎಂಜಿನಿಗಿ ಏನೋ ರೋಗ ಅದ. ಏರು ಹತ್ತುವಾಗ ಹಿಂದ ನೀಲಿ ಹೊಗಿ ಬಂದ್ರ ಒಳಗಿನ ಉಂಗುರ ಸವದಾವ. ಇಳುಕಲದಾಗ ಕಾಲು ತಗದಾಗ ಬಂದ್ರ ವಾಲ್ವು ಸವದಾವ. ಹೊಗಿ ಇಲ್ಲದೇನೇ ಎಣ್ಣಿ ಹೋದ್ರ ನೆಲ ನೋಡ್ರಿ. ಮತ್ತ ಈ ಕೊಳವಿ ಅದ ನೋಡ್ರಿ, ಮ್ಯಾಲ ಬಾಯಿ ತೆರದದ್ದು, ಇದು ಏನಂದ್ರ..."

ಆ ಹೊತ್ತಿಗೆ ಸರಿಯಾಗಿ ಪೊಲೀಸು ಠಾಣೆಯ ಅಮೀನ್ ಸಾಹೇಬರು ಕುದುರೆಯ ಮೇಲೆ ಆ ದಾರಿಯಲ್ಲಿ ಬಂದರು. ಬಂಡೆಪ್ಪ ಒಂದು ಕೈಯನ್ನು ಮೋಟಾರಿನ ಮೇಲಿಟ್ಟು, ಇನ್ನೊಂದನ್ನು ಸೊಂಟಕ್ಕಿಟ್ಟು, ದೂರದ ಬಯಲನ್ನು ದಿಟ್ಟಿಸುತ್ತ ನಿಂತ. ಅಮೀನ್ ಸಾಹೇಬರು ನೋಡಿದರು, ತಲೆಯನ್ನೂ ಆಡಿಸಿದರು. ಬಂಡೆಪ್ಪ ತಿರುಗುವ ಹೊತ್ತಿಗೆ ನರಸಿಂಹುಲು ಕೊಳವೆ ಮುಗಿಸಿ ಗಾಲಿಗಳ ಬಳಿ ಹೋಗಿದ್ದ.

ಮೋಟಾರು ಬಂಡೆಪ್ಪನ ಮನೆಗೆ ಬಂತು. ಎಮ್ಮೆ ಕೊಟ್ಟಿಗೆಯಿಂದ ಹೊರಗೆ ಹೋಯಿತು.

ಇಲ್ಲಿ ತಾರಾಬಾಯಿಯ ವಿಷಯ ಸ್ವಲ್ಪ ಹೇಳಬೇಕು. ಅವಳ ತವರು ಸಿರ್ಗಾಪುರದಲ್ಲಿ ಅವಳ ಅಕ್ಕನ ಮದುವೆಯ ದಿನ ಎಣ್ಣೆಯ ಗಡಿಗೆಗೆ ಹಲ್ಲಿ ಬಿದ್ದು, ಮಾಡಿದ ಅಡುಗೆಯನ್ನೆಲ್ಲ ಚೆಲ್ಲಬೇಕಾಗಿ ಬಂದಿತ್ತಂತೆ. ಅಂದಿನಿಂದ ತೆರೆದ ಬಾಯಿಯ ಪಾತ್ರೆ ಕಂಡರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅವಳ ಮನೆಯಲ್ಲಿ ಎಣ್ಣೆಯ ಗಡಿಗೆ ಇರಲಿ, ಉಪ್ಪಿನಕಾಯಿಯ ಭರಣಿ ಇರಲಿ, ಬಾಯಿಗೆ ಬಟ್ಟೆ ತುರುಕಿ, ಮೇಲೆ ನಾದಿದ ಜೋಳದ ಹಿಟ್ಟು ಮೆತ್ತಿ, ಸುತ್ತ ದಾರ ಬಿಗಿಯುತ್ತಿದ್ದಳು. ಒಣಗಿದ ಮೇಲೆ ಅದು ಕಲ್ಲು. ಅವಳು ಮುಚ್ಚಿದ್ದನ್ನು ತೆಗೆಯಲು ಅವಳೇ ಬೇಕು.

ಇಂಥ ತಾರಾಬಾಯಿ ಮೋಟಾರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮುಚ್ಚಳ ಎತ್ತಿಸಿ ಒಳಗೆಲ್ಲ ನೋಡಿದಳು. ಎಣ್ಣೆ ಎಲ್ಲಿ ಇರುತ್ತದೆಂದು ಕೇಳಿ ತಿಳಿದುಕೊಂಡಳು. ಬಂಡೆಪ್ಪ ಕಚೇರಿಗೆ ಹೋದಾಗ ಒಬ್ಬಳೇ ಸ್ವಲ್ಪ ಹೊತ್ತು ಕೊಟ್ಟಿಗೆಯಲ್ಲಿದ್ದು ಬಂದು, ಗೋಡೆಯ ಮೇಲಿಂದ ನನ್ನ ಹೆಂಡತಿಗೆ "ಎಲ್ಲಾ ಛಲೋ ಮಾಡಿ ಬಂದೀನಿ ನೋಡ್ರಿ" ಎಂದಳು. ಏನು ಛಲೋ ಮಾಡಿದಳೆಂದು ನಾವು ಕೇಳಲಿಲ್ಲ. ಕೇಳಿದ್ದರೆ ಈ ಪ್ರಸಂಗವೇ ಇರುತ್ತಿರಲಿಲ್ಲ.

ಅಂದಿನಿಂದ ಮೋಟಾರು ಎಣ್ಣೆ ಕುಡಿಯತೊಡಗಿತು.

ಮುಂಜಾನೆ ಬಂಡೆಪ್ಪ ಕಡ್ಡಿ ಎಳೆದು ನೋಡುತ್ತಿದ್ದ. ಎಣ್ಣೆ ಗೀಟಿನ ಕೆಳಗೆ. ಡಬ್ಬಿಯಿಂದ ಸುರಿದು ಗೀಟಿಗೆ ತಂದು, ಊರ ಸುತ್ತ ಒಂದು ಸಲ ಓಡಿಸಿ ನಿಲ್ಲಿಸುತ್ತಿದ್ದ. ಮರುದಿನ ಮತ್ತೆ ಕೆಳಗೆ. ಎಮ್ಮೆಯ ಗಂಜಲ ನೆನೆದ ಕೊಟ್ಟಿಗೆಯ ಕರಿ ನೆಲದಲ್ಲಿ ಎಣ್ಣೆಯ ಗುರುತೇ ಕಾಣುತ್ತಿರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಹೇಳದೆಯೇ ಊರಿಗೆಲ್ಲ ತಿಳಿಯಿತು.

ಮೊದಲು ಬಂದವನು ಗಾಣದ ಖಂಡೆಪ್ಪ. ಎಣ್ಣೆಯ ಮಾತೆಂದರೆ ತನ್ನನ್ನು ಕೇಳದೆ ಯಾರೂ ಬಾಯಿ ತೆರೆಯಬಾರದೆಂಬುದು ಅವನ ಹಠ. ಕೊಟ್ಟಿಗೆಯನ್ನೆಲ್ಲ ಹುಡುಕಿ, ಸೊಂಟಕ್ಕೆ ಕೈಯಿಟ್ಟು ನಿಂತ.

"ಹಿಂಡಿ ಎಲ್ಲಿ ಅದನೋ?"

"ಯಾವ ಹಿಂಡಿ?"

"ಎಣ್ಣಿ ಹೊರಗ ಹೋತಂದ್ರ ಹಿಂಡಿ ಒಳಗ ಉಳೀಬೇಕು. ನಾ ಹುಟ್ಟಿದಾಗಿಂದ ನೋಡೀನಿ. ಹಿಂಡಿ ಇಲ್ಲದ ಎಣ್ಣಿ ಅಂದ್ರ ಅದು ಎಣ್ಣಿನೇ ಅಲ್ಲ. ನಿನಗ ಮೋಸ ಮಾಡ್ಯಾರ. ನನ್ನ ಕುಸುಬಿ ಎಣ್ಣಿ ಹಾಕು, ಹೆಂಗ ಓಡ್ತದ ನೋಡು."

ಬಂಡೆಪ್ಪ ಕುಸುಬಿ ಎಣ್ಣೆಯನ್ನು ಬೇಡವೆಂದ. ಆದರೆ ಖಂಡೆಪ್ಪನನ್ನು ಬಿಡಲಿಲ್ಲ. ಹೊಗೆಯ ಪರೀಕ್ಷೆಗೆ ಇನ್ನೊಂದು ಜೋಡಿ ಕಣ್ಣು ಬೇಕಾಗಿತ್ತು. ಸಿರ್ಗಾಪುರದ ದಾರಿಯಲ್ಲಿದ್ದ ದೊಡ್ಡ ಏರಿಗೆ ಅವನನ್ನು ಕೂರಿಸಿಕೊಂಡು ಹೋದ. ಖಂಡೆಪ್ಪ ಹಿಂದಕ್ಕೆ ಮುಖ ಮಾಡಿ, ಮೊಣಕಾಲೂರಿ, ಸೀಟನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಹೊಗಿ ಬರ್ಲಾಕತ್ತಾದೇನು?" ಬಂಡೆಪ್ಪ ಏರಿನಲ್ಲಿ ಕೂಗಿದ.

"ಬರ್ಲಾಕತ್ತಾದ!"

"ನೀಲಿ ಅದನೋ?"

"ಕೆಂಪದ!"

ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಕೂಗಿದ. "ಈಗ?"

"ಇನ್ನಾ ಕೆಂಪದ! ನಿಲ್ಲಸೋ ನಿನ್ನ ಪಾದಕ್ಕ ಬೀಳ್ತೀನಿ!"

ನಮ್ಮ ಕಡೆಯ ಮಣ್ಣು ಕೆಂಪು. ಊರಿಗೆ ಮರಳಿದಾಗ ಖಂಡೆಪ್ಪನ ಬಿಳಿಯ ಪಟಕಾ, ಮೀಸೆ, ಹುಬ್ಬು ಎಲ್ಲ ಒಂದೇ ಬಣ್ಣಕ್ಕೆ ಬಂದಿದ್ದವು. ಅವನ ಎಮ್ಮೆ ಅವನನ್ನು ಗುರುತಿಸದೆ ಒದೆಯಿತು. ಆದರೂ ಬಂಡೆಪ್ಪ ಎದೆಗುಂದಲಿಲ್ಲ. "ಕೆಂಪು ಹೊಗಿ ಬಗ್ಗೆ ನರಸಿಂಹುಲು ಏನೂ ಹೇಳಿಲ್ಲ. ಅಂದ್ರ ರೋಗ ಹೊಸದು" ಎಂದು ನನಗೆ ಗಂಭೀರವಾಗಿ ತಿಳಿಸಿದ. ಇಂಥ ಸೋಲನ್ನು ಇಂಥ ಮುಖದಲ್ಲಿ ಹೇಳಬಲ್ಲವನನ್ನು ಮೆಚ್ಚದೆ ಏನು ಮಾಡಲಿ?

ಅಷ್ಟರಲ್ಲಿ ಸುದ್ದಿ ಅಮೀನ್ ಸಾಹೇಬರಿಗೆ ಮುಟ್ಟಿತು. ನವಾಬರ ಎಣ್ಣೆ ತಮ್ಮ ಠಾಣೆಯ ಹದ್ದಿನಲ್ಲಿ ಮಾಯವಾಗುವುದೆಂದರೆ ಅದು ಕಳ್ಳತನವಲ್ಲದೆ ಬೇರೇನು? ಅವರು ಜವಾನನನ್ನು ಕರೆದುಕೊಂಡು ಓಣಿಗೆ ಬಂದು, ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತಲೆಯನ್ನೂ ಮೂಸತೊಡಗಿದರು. ಯಾರ ಕೂದಲು ಹೆಚ್ಚು ಮಿಂಚುತ್ತದೋ ಅವನೇ ಕಳ್ಳ. ನನ್ನ ತಲೆಯಲ್ಲಿ ಆಗಲೇ ಕೂದಲಿರಲಿಲ್ಲ. ಆದರೆ ಎಲ್ಲರಿಗಿಂತ ಹೆಚ್ಚು ಮಿಂಚುತ್ತಿದ್ದದ್ದು ಅದೇ ಆದ್ದರಿಂದ ಎರಡು ಸಲ ಮೂಸಿದರು.

ತಲೆಗಳಿಂದ ಏನೂ ಗಿಟ್ಟಲಿಲ್ಲ. ಆದರೆ ಅವರು ಮರಳಿ ಹೋಗುವಾಗ ದಾರಿಗೆ ಒಂದು ಕುರಿಯ ಹಿಂಡು ಅಡ್ಡ ಬಂತು. ಅಮೀನ್ ಸಾಹೇಬರು ನಿಂತರು. ಮೂಗು ಅರಳಿಸಿದರು. ಅರ್ಧ ಗಂಟೆಯೊಳಗೆ ಕುರಿ ಕಾಯುವ ಮಾಳಿಂಗಪ್ಪ ಚಾವಡಿಯಲ್ಲಿ ಕೈಕಟ್ಟಿ ನಿಂತಿದ್ದ. ಪಕ್ಕದಲ್ಲಿ ಸಾಕ್ಷಿಯಾಗಿ ಒಂದು ಟಗರು. ಅದರ ಬೆನ್ನು ಕರ್ರಗೆ ಮಿಂಚುತ್ತಿತ್ತು. ಇಡೀ ಊರು ಸೇರಿತ್ತು.

"ಬೋಲೋ!" ಎಂದು ಅಮೀನ್ ಸಾಹೇಬರು ಗದರಿಸಿದರು. "ನವಾಬರ ಎಣ್ಣಿ ಈ ಟಗರಿನ ಮ್ಯಾಲ ಹೆಂಗ ಬಂತು?"

"ಹುರುಕು ಆಗಿತ್ತರಿ ಸಾಹೇಬ್ರ. ಹಚ್ಚೀನಿ."

"ಕದ್ದು ಹಚ್ಚಿದಿ!"

"ಕದ್ದಿಲ್ರಿ! ಆ ಮೋಟಾರು ಎಲ್ಲಿ ನಿಂತ್ರ ಅಲ್ಲಿ ಎಣ್ಣಿ ಸುರಸ್ತದ. ಹೊಲದ ಬದುವಿನಾಗ ನಿಂತ್ರೂ ಸುರಸ್ತದ, ಬಾವಿ ಹತ್ರ ನಿಂತ್ರೂ ಸುರಸ್ತದ. ನೆಲಕ್ಕ ಬಿದ್ದದ್ದು ನಾ ಬಳದು ತಗೊಂಡೀನಿ. ಎಂಥಾ ಔಷಧ ಅಂತೀರಿ! ನನ್ನ ಕುರಿ ನೋಡ್ರಿ, ನಾಗಲಗಿದ್ದ ಊರಿನ ತನಕ ಹುಡುಕಿದ್ರೂ ಇಂಥಾ ಕುರಿ ಇಲ್ಲ. ಆ ಮೋಟಾರು ಹೀಂಗೇ ಇರ್ಲಿ ಅಂತ ದಿನಾ ದೇವರಿಗಿ ಕೈ ಮುಗೀತೀನಿ."

ಬಂಡೆಪ್ಪ ಜನರ ನಡುವಿನಿಂದ ನುಗ್ಗಿ ಮುಂದೆ ಬಂದ. ಅವನ ಮುಖ ಹೊಳೆಯುತ್ತಿತ್ತು.

"ಸಾಹೇಬ್ರ, ಅವನ್ನ ಬಿಡ್ರಿ! ಎಣ್ಣಿ ಸುಡ್ತಾ ಇಲ್ಲ, ಸೋರ್ತಾ ಅದ! ಉಂಗುರ ಛಲೋ ಅವ, ವಾಲ್ವೂ ಛಲೋ ಅವ!"

ಅವನು ಮಾಳಿಂಗಪ್ಪನನ್ನು ತಬ್ಬಿಕೊಂಡ. ಆಮೇಲೆ ಟಗರನ್ನೂ ತಬ್ಬಿಕೊಂಡ. ಜನ ಯಾಕೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು. ಅಮೀನ್ ಸಾಹೇಬರು ತಾವೇ ಪ್ರಕರಣ ಪತ್ತೆ ಮಾಡಿದಂತೆ ಮೀಸೆ ತಿರುವಿದರು.

ಸೋರುತ್ತದೆ, ಸರಿ. ಎಲ್ಲಿಂದ? ಮರುದಿನ ಬಂಡೆಪ್ಪ ಎಂಜಿನ್ನನ್ನು ಚೆನ್ನಾಗಿ ಒರೆಸಿ ಒಣಗಿಸಿದ. ಅದರ ಮೇಲೆ ಬಿಳಿಯ ಪುಡಿ ಉದುರಿಸಿ ಶುರು ಮಾಡಿದರೆ, ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ತೂತು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ತಾನೇ ಯೋಚಿಸಿ ಕಂಡುಕೊಂಡ ಉಪಾಯ. ಮೊದಲು ಜೋಳದ ಹಿಟ್ಟು ಕೇಳಿದ. ಉಣ್ಣುವ ಹಿಟ್ಟನ್ನು ಹೀಗೆ ಉದುರಿಸಿ ಹಾಳು ಮಾಡಲು ತಾರಾಬಾಯಿ ಒಪ್ಪಲಿಲ್ಲ. ದೇವರ ಗೂಡಿನಲ್ಲಿದ್ದ ವಿಭೂತಿಯ ಗಟ್ಟಿಗಳು ಕಣ್ಣಿಗೆ ಬಿದ್ದವು. ಅವನ್ನು ಕುಟ್ಟಿ ಪುಡಿ ಮಾಡಿ ಎಂಜಿನ್ನಿಗೆ ಅಡಿಯಿಂದ ಮುಡಿಯವರೆಗೆ ಹಚ್ಚಿದ.

ಆ ಹೊತ್ತಿಗೆ ಒಲೆಗೆ ಬೆಂಕಿ ಕೇಳಲು ಬಂದ ಓಣಿಯ ಲಚ್ಚಮ್ಮ ಬಾಗಿಲಲ್ಲೇ ನಿಂತು ಕೈಮುಗಿದಳು. ಅವಳು ಬೆಂಕಿ ಮರೆತು ಓಡಿದಳು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಮುಂದೆ ಓಣಿಗೆ ಓಣಿಯೇ ನೆರೆಯಿತು. ಒಬ್ಬರ ಕೈಯಲ್ಲಿ ಬಿಲ್ವಪತ್ರೆ, ಒಬ್ಬರ ಕೈಯಲ್ಲಿ ತೆಂಗಿನಕಾಯಿ. ಮಠದ ಸ್ವಾಮಿಗಳು ಜಂಗಮ ಜೋಳಿಗೆಯೊಂದಿಗೆ ಬಂದು, ಮೈತುಂಬ ವಿಭೂತಿ ಧರಿಸಿದ ಎಂಜಿನ್ನನ್ನು ನೋಡಿ, ಸಂತೋಷದಿಂದ ಮಂತ್ರ ಶುರು ಮಾಡಿಯೇಬಿಟ್ಟರು.

"ಸ್ವಾಮಿಗೋಳ, ಇದು ಪೂಜಿ ಅಲ್ರಿ, ತಪಾಸಣಿ" ಎಂದು ಬಂಡೆಪ್ಪ ಬೇಡಿಕೊಂಡ.

"ಎಲ್ಲಾ ತಪಾಸಣಿನೂ ಆ ಶಿವನದೇ ಅದಪಾ" ಎಂದು ಸ್ವಾಮಿಗಳು ಮಂತ್ರ ಮುಂದುವರಿಸಿದರು.

ಬಂಡೆಪ್ಪ ಬೇರೆ ದಾರಿ ಕಾಣದೆ ಮೋಟಾರು ಶುರು ಮಾಡಿದ. ಎಂಜಿನ್ನಿನ ಮುಂದಿನ ಪಂಖ ತಿರುಗಿತು. ಅರೆಕ್ಷಣದಲ್ಲಿ ಕೊಟ್ಟಿಗೆಯ ತುಂಬ ಬಿಳಿಯ ಮೋಡ. ಮೋಡ ಸರಿದಾಗ ನೆರೆದವರೆಲ್ಲರ ಹಣೆಯಲ್ಲೂ ವಿಭೂತಿ ಇತ್ತು. ಮೂಗಿನಲ್ಲಿ, ಕಿವಿಯಲ್ಲಿ, ಸ್ವಾಮಿಗಳ ತೆರೆದ ಬಾಯಲ್ಲೂ ಇತ್ತು. ಜನ ಇದಕ್ಕಿಂತ ದೊಡ್ಡ ಆಶೀರ್ವಾದ ಬೇಡವೆಂದು ಕಣ್ಣೊರೆಸಿಕೊಳ್ಳುತ್ತ ಮನೆಗೆ ಹೋದರು.

ಮೈಗೆ ಅಂಟಿ ಉಳಿದಿದ್ದ ಪುಡಿಯನ್ನು ಬಂಡೆಪ್ಪ ಬಗ್ಗಿ ನೋಡಿದ. ಒಂದು ತೂತಿನಿಂದಲ್ಲ, ಎಲ್ಲ ಸಂದಿಗಳಿಂದಲೂ ಎಣ್ಣೆ ಒಸರುತ್ತಿತ್ತು. ಮುಂದೆ, ಹಿಂದೆ, ಅಡಿಯಲ್ಲಿ, ಕಡ್ಡಿ ತೂರಿಸುವ ಜಾಗದಲ್ಲಿ ಕೂಡ.

"ಇಡೀ ಮೈ ಬೆವರ್ತದರಿ" ಎಂದು ಗೋಡೆಯ ಆಚೆಯಿಂದ ನನಗೆ ಹೇಳಿದ. ಅವನ ದನಿ ಮೊದಲ ಸಲ ಸಣ್ಣಗಾಗಿತ್ತು. "ಯಾವುದೋ ಭಯಕ್ಕ ಬೆವರಿದಂಗ."

ಬೆವರುತ್ತಿದ್ದವನು ಅವನೂ ಹೌದು. ಅದೇ ಸಂಜೆ ಮುಂಬಯಿಯಿಂದ ತಂತಿ ಬಂತು. ನವಾಬರು ಬೇಗಮರೊಂದಿಗೆ ಹೊರಟಿದ್ದರು.

ಮರುದಿನ ನಸುಕಿನಲ್ಲೇ ಗಂಡಹೆಂಡತಿ ಮೋಟಾರಿನಲ್ಲಿ ತಾಂಡೂರಿಗೆ ಹೊರಟರು. ಹೊಸ ಬೇಗಮರಿಗೆ ಹೆಣ್ಣು ಕೈಯಿಂದ ಆರತಿ ಆಗಬೇಕೆಂಬುದು ತಾರಾಬಾಯಿಯ ನೆಪ. ಗಂಡನನ್ನು ಒಬ್ಬನೇ ಕಳಿಸಲು ಮನಸ್ಸು ಬಾರದ್ದು ನಿಜವಾದ ಕಾರಣ. ಅವಳ ತೊಡೆಯ ಮೇಲೆ ಎಣ್ಣೆಯ ಡಬ್ಬಿ, ಕಾಲ ಬಳಿ ಅಡುಗೆಯ ಗಂಟು. ಊರೆಲ್ಲ ಬಾಗಿಲಿಗೆ ಬಂದು ನೋಡಿತು. ಮಾಳಿಂಗಪ್ಪ ಸೋರುವ ಎಣ್ಣೆಗೆಂದು ಅಗಲವಾದ ಪರಾತ ಹಿಡಿದು ಬೆನ್ನಟ್ಟಿ ಸ್ವಲ್ಪ ದೂರ ಓಡಿದ.

ಇನ್ನು ಮುಂದಿನದು ನಾನು ಕೇಳಿದ್ದು.

ಜಹೀರಾಬಾದ್ ಮುಟ್ಟುವಷ್ಟರಲ್ಲಿ ಡಬ್ಬಿ ಅರ್ಧವಾಯಿತು. ಝರಾಸಂಗದ ಕಡೆಯಿಂದ ಬರುತ್ತಿದ್ದ ಬಂಡಿಯವರು ಮೋಟಾರು ನಿಂತಾಗಲೆಲ್ಲ ಓಡಿಬಂದು ಸೋರಿದ ಎಣ್ಣೆಯನ್ನು ತಮ್ಮ ಗಾಲಿಗಳಿಗೆ ಬಳಿದುಕೊಂಡು ಹರಸಿ ಹೋದರು. ಜಹೀರಾಬಾದ್ ದಾಟಿ ಬಹಳ ದೂರ ಹೋದ ಮೇಲೆ, ಒಂದು ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ಬಂಡೆಪ್ಪ ಮೋಟಾರು ನಿಲ್ಲಿಸಿ ಡಬ್ಬಿಯ ಕೊನೆಯ ಎಣ್ಣೆ ಸುರಿದ. ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಅದು ಎಣ್ಣೆಯ ಬದಲು ಒಂದು ಸದ್ದು ಮಾತ್ರ ಕೊಟ್ಟಿತು. ತಾಂಡೂರು ಇನ್ನೂ ದೂರವಿತ್ತು.

"ಆತು," ಎಂದು ಅವನು ನೆಲದ ಮೇಲೆ ಕೂತ. "ಗಂಟು ಕಟ್ಟೋದೇ ನನ್ನ ಹಣಿಬಾರದಾಗ ಅದ. ಬಂಡ್ಯಾನೇ ನಾನು."

ತಾರಾಬಾಯಿ ಅವನನ್ನು ನೋಡಿದಳು. ಗಂಡ ಎದೆಗುಂದಿದಾಗ ಅವಳು ಮಾಡುವುದು ಒಂದೇ. "ಉಣ್ರಿ ಮೊದಲ" ಎಂದು ಮೂರು ಕಲ್ಲು ಹೂಡಿ, ಬೆಂಕಿ ಮಾಡಿ, ಗಡಿಗೆಯಲ್ಲಿ ತೊಗರಿಬೇಳೆ ಇಟ್ಟಳು. ಧೂಳು ಬೀಳಬಾರದೆಂದು ಬಿಗಿಯಾಗಿ ಮುಚ್ಚಳ ಮುಚ್ಚಿ, ಮೇಲೊಂದು ಕಲ್ಲನ್ನೂ ಹೇರಿ, ರೊಟ್ಟಿಯ ಗಂಟು ಬಿಚ್ಚತೊಡಗಿದಳು.

ಬೇಳೆ ಕುದಿಯಿತು. ಮುಚ್ಚಳ ಕುಣಿಯಿತು. ನೊರೆ ಮುಂದಿನಿಂದ, ಹಿಂದಿನಿಂದ, ಸುತ್ತಲೂ ಉಕ್ಕಿ ಗಡಿಗೆಯ ಮೈಮೇಲೆ ಇಳಿದು ಬೆಂಕಿಗೆ ಬಿತ್ತು. ದುಃಖದಲ್ಲಿದ್ದರೂ ಬಂಡೆಪ್ಪನಿಗೆ ಹಸಿವಿತ್ತು.

"ಏ, ಬ್ಯಾಳಿ ಎಲ್ಲಾ ಹೋಗ್ಲಾಕತ್ತಾದ, ಮುಚ್ಚಳ ತಗೀ!"

ತಾರಾಬಾಯಿ ಕಲ್ಲು ಸರಿಸಿ ಮುಚ್ಚಳವನ್ನು ಓರೆ ಮಾಡಿದಳು. ಬುಸ್ಸೆಂದು ಆವಿ ಹೋಯಿತು. ನೊರೆ ಇಳಿಯಿತು. ಗಡಿಗೆ ಶಾಂತವಾಗಿ ಕುದಿಯತೊಡಗಿತು.

ಬಂಡೆಪ್ಪ ಗಡಿಗೆಯನ್ನು ನೋಡಿದ, ಮೋಟಾರನ್ನು ನೋಡಿದ, ಮತ್ತೆ ಗಡಿಗೆಯನ್ನು ನೋಡಿದ. ಎದ್ದು ಓಡಿ ಮೂತಿಯ ಮುಚ್ಚಳ ಎತ್ತಿದ. ನರಸಿಂಹುಲು ಯಾವುದೋ ಕೊಳವೆಗೆ ಬೆರಳು ಮಾಡಿದ್ದು, ಅಮೀನ್ ಸಾಹೇಬರು ಬಂದದ್ದು, ಎಲ್ಲ ನೆನಪಾಯಿತು. ಕೊಳವೆ ಅಲ್ಲೇ ಇತ್ತು. ಅದರ ಬಾಯಿಗೆ ಬಟ್ಟೆ ತುರುಕಿ, ಮೇಲೆ ಜೋಳದ ಹಿಟ್ಟು ಮೆತ್ತಿ, ದಾರ ಬಿಗಿದು, ಕುಂಕುಮದ ಬೊಟ್ಟನ್ನೂ ಇಡಲಾಗಿತ್ತು. ಇಷ್ಟು ದಿನ ಎಣ್ಣೆ, ಧೂಳು, ವಿಭೂತಿ ಸೇರಿ ಅದು ಎಂಜಿನ್ನಿನದೇ ಒಂದು ಭಾಗವೆಂಬಂತೆ ಕಂಡಿತ್ತು. ಆದರೆ ಆ ಗಂಟು ಅವನಿಗೆ ಗೊತ್ತಿತ್ತು. ದಿನವೂ ಉಪ್ಪಿನಕಾಯಿಯ ಭರಣಿಯ ಮೇಲೆ ಕಾಣುತ್ತಿದ್ದ ಗಂಟು ಅದು.

"ತಾರಾ, ಇದೇನು?"

"ನಾನೇ ಮುಚ್ಚೀನಿ" ಎಂದಳು ತಾರಾಬಾಯಿ ಹೆಮ್ಮೆಯಿಂದ. "ಅಷ್ಟು ದೊಡ್ಡ ನವಾಬರದು, ಎಣ್ಣಿ ಬಾಯಿ ಹಾಂಗೇ ತೆರದಿಟ್ಟಾರ. ಹಲ್ಲಿ ಬಿದ್ರ ಏನ್ ಗತಿ?"

"ಅದು ಬಾಯಿ ಅಲ್ಲ, ಮೂಗು! ಎಂಜಿನ್ನು ಉಸರಾಡೋದು ಅದರಿಂದ!"

"ಎಣ್ಣಿ ಗಡಿಗಿ ಎಲ್ಲಾದ್ರೂ ಉಸರಾಡ್ತದೇನ್ರಿ?"

"ಇದು ಮೂಲ್ಯಾಗ ಇಡೋ ಗಡಿಗಿ ಅಲ್ಲ ತಾರಾ. ಒಲಿ ಮ್ಯಾಲಿನ ಗಡಿಗಿ."

ತಾರಾಬಾಯಿ ಬೇಳೆಯ ಕಡೆ ತಿರುಗಿ ನೋಡಿದಳು. ಅವಳಿಗೆ ಇನ್ನೊಂದು ಮಾತು ಬೇಕಾಗಲಿಲ್ಲ. ಮುಖ ಬಾಡಿತು. ಗಂಟನ್ನು ಅವಳೇ ಬಿಚ್ಚಿದಳು, ಕಲ್ಲಾಗಿದ್ದ ಹಿಟ್ಟನ್ನು ಒಡೆದಳು, ಬಟ್ಟೆ ಎಳೆದಳು. ಎಂಜಿನ್ನಿನ ಒಳಗಿನಿಂದ ಮುದುಕರು ಕಟ್ಟೆಗೆ ಕೂತಾಗ ಬಿಡುವಂಥ ಒಂದು ನಿಟ್ಟುಸಿರು ಬಂತು. ಕೈಯಲ್ಲಿದ್ದ ಬಟ್ಟೆಯನ್ನು ಬಂಡೆಪ್ಪ ಗುರುತಿಸಿದ. ಅದು ಅವಳ ಮದುವೆಯ ಕುಪ್ಪಸದ ಜರಿ ತುಂಡು. ಮನೆಯ ಉಪ್ಪಿನಕಾಯಿಗೆ ಹರಕು ಬಟ್ಟೆ ಹಾಕುವವಳು, ಗಂಡನ ದರೋಗಾಗಿರಿ ಆ ಮೋಟಾರಿನ ಮೇಲೆ ನಿಂತಿದೆಯೆಂದು ಅದಕ್ಕೆ ಜರಿಯನ್ನೇ ಹಾಕಿದ್ದಳು.

ಬಂಡೆಪ್ಪ ಆ ತುಂಡನ್ನು ಮಡಿಸಿ ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ. ನಾನು ಅವನನ್ನು ಮೆಚ್ಚುವುದು ಯಾಕೆಂದು ಇನ್ನೂ ಯಾರಿಗಾದರೂ ಸಂಶಯವಿದ್ದರೆ ಈ ಜಾಗದಲ್ಲಿ ಬಿಡಲಿ.

ಮೋಟಾರು ತಾಂಡೂರಿನವರೆಗೆ ಒಂದು ಹನಿಯನ್ನೂ ಚೆಲ್ಲದೆ ಓಡಿತು.

ಮುಂಬಯಿ ಮೇಲ್ ರೈಲಿನಿಂದ ಇಳಿದ ನವಾಬರು ಆರತಿ ಮುಗಿಯುತ್ತಲೇ ನೆಟ್ಟಗೆ ಮೋಟಾರಿನ ಬಳಿ ಬಂದರು. ಕಡ್ಡಿ ಎಳೆದು ನೋಡಿದರು. ಎಣ್ಣೆ ಗೀಟಿಗೆ ಸರಿಯಾಗಿತ್ತು. ಎಂಜಿನ್ನು ಶುರು ಮಾಡಿಸಿ, ಬಗ್ಗಿ ನೆಲವನ್ನು ನೋಡಿದರು. ನೆಲ ಒಣಗಿತ್ತು. ಆಮೇಲೆ ಖಾಲಿ ಡಬ್ಬಿ ಅವರ ಕಣ್ಣಿಗೆ ಬಿತ್ತು.

"ಇಷ್ಟು ಎಣ್ಣಿ ಯಾಕ ಹೋತು?"

ಎಂಜಿನ್ನಿಗೆ ಏನೋ ಭಾರಿ ರೋಗವಿತ್ತು, ತಾನು ಗುಣಪಡಿಸಿದೆ ಎಂದು ಬಂಡೆಪ್ಪ ಹೇಳಬಹುದಿತ್ತು. ಅಂಥ ಕಥೆ ಕಟ್ಟಲು ಅವನಿಗೆ ಬರುತ್ತಿತ್ತು ಕೂಡ. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ.

"ತಪ್ಪು ನಂದದ ಹುಜೂರ್. ಉಸರಿನ ಕೊಳವಿ ನಾನೇ ಮುಚ್ಚಿದ್ದೆ. ಎಣ್ಣಿ ಹೊರಗ ಬಂತು. ತಿಳದ ಮ್ಯಾಲ ತಗದೀನಿ."

ನವಾಬರ ಮುಖ ಗಂಟಾಯಿತು. "ಮೋಟಾರು ಗೊತ್ತದ ಅಂದವನು ಅದರ ಮೂಗು ಮುಚ್ಚಿದೇನು?"

"ಸುಳ್ಳರಿ!" ತಾರಾಬಾಯಿ ಸೆರಗು ಬಿಗಿದು ಮುಂದೆ ಬಂದಳು. "ಮುಚ್ಚಿದಾಕಿ ನಾನು. ಇವರಿಗಿ ಭರಣಿ ಮುಚ್ಚಾಕೂ ಬರಂಗಿಲ್ಲ, ಕೊಳವಿ ಏನ್ ಮುಚ್ತಾರ?"

"ನಾನೇ ಹುಜೂರ್."

"ನಾನರಿ!"

"ಇಕಿ ಮಾತು ಕೇಳಬ್ಯಾಡ್ರಿ, ಹುಜೂರ್. ನಾನೇ."

ತಾರಾಬಾಯಿ ಗಂಡನ ಜೇಬಿಗೆ ಕೈಹಾಕಿ ಜರಿಯ ತುಂಡನ್ನು ಎಳೆದು ನವಾಬರ ಮುಂದೆ ಹಿಡಿದಳು. "ಇದು ಕೊಳವಿಗಿ ತುರುಕಿದ ಬಟ್ಟಿ. ನೀವೇ ಹೇಳ್ರಿ ಸಾಹೇಬ್ರ, ಈ ಕುಪ್ಪಸ ಇವರು ತೊಟ್ಕೊತಿದ್ರೇನು?"

ಪ್ಲಾಟ್‌ಫಾರ್ಮಿನ ಹಮಾಲರೆಲ್ಲ ಸುತ್ತ ನಿಂತಿದ್ದರು. ಅಷ್ಟರಲ್ಲಿ ಮುಸುಕಿನ ಹಿಂದಿನಿಂದ ನಗು ಕೇಳಿತು. ಬೇಗಮ್ ಸಾಹೇಬರಿಗೆ ಕನ್ನಡ ಬಾರದು. ಆದರೆ ಕುಪ್ಪಸ ನೋಡಿದ್ದರು, ಇಬ್ಬರ ಮುಖ ನೋಡಿದ್ದರು. ಏನೆಂದು ಉರ್ದುವಿನಲ್ಲಿ ವಿಚಾರಿಸಿದರು. ನವಾಬರು ಹಲ್ಲಿಯಿಂದ ಬೇಳೆಯವರೆಗೆ ಬಂಡೆಪ್ಪನ ಬಾಯಿಂದ ಕೇಳಿ ತಿಳಿಸಬೇಕಾಯಿತು. ತಿಳಿಸುತ್ತ ತಿಳಿಸುತ್ತ ಅವರಿಗೂ ನಗು ತಡೆಯಲಾಗಲಿಲ್ಲ.

ಬೇಗಮರು ಗಂಡನನ್ನು ಒಂದೇ ಪ್ರಶ್ನೆ ಕೇಳಿದರು: ನಮ್ಮ ಮನೆಯ ಉಗ್ರಾಣದಲ್ಲಿ ಎಣ್ಣೆಯ ಪಾತ್ರೆಗಳಿಗೆ ಮುಚ್ಚಳ ಇದೆಯೇ? ಛೋಟೆ ನವಾಬರು ಬ್ಯಾರಿಸ್ಟರು. ಆದರೂ ತಲೆ ಕೆರೆದುಕೊಂಡರು. ಹಾಗಾದರೆ ಉಗ್ರಾಣದ ಬೀಗದ ಕೈ ಇನ್ನು ಈ ತಾಯಿಯ ಸೊಂಟದಲ್ಲಿರಲಿ ಎಂದರು ಬೇಗಮರು. ಅವರ ಸಂಸಾರದ ಮೊದಲ ಹುಕುಂ ಅದು.

ತಾರಾಬಾಯಿಗೆ ಮಾತ್ರ ಇನ್ನೂ ಸಮಾಧಾನವಿರಲಿಲ್ಲ. "ಉಸರಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಲ್ಲಿ?" ಎಂದಳು. ನವಾಬರು ಅದನ್ನೂ ತಿಳಿಸಿದರು. ಬೇಗಮರು ತಮ್ಮ ಓಢಣಿಯ ಅಂಚಿನಿಂದ ಗಾಳಿಯಂಥ ಮಲಮಲಿನ ಒಂದು ತುಂಡು ಹರಿದು ಕೊಟ್ಟರು. ತಾರಾಬಾಯಿ ಅದನ್ನು ಕೊಳವೆಯ ಬಾಯಿಗೆ ಒಂದೇ ಪದರ ಹಾಸಿ, ದಾರ ಕಟ್ಟಿದಳು. ಹಿಟ್ಟು ಮೆತ್ತಲಿಲ್ಲ. ಒಳಗಿನ ಉಸಿರು ಹೊರಗೆ, ಹೊರಗಿನ ಧೂಳು ಹೊರಗೇ. ಆ ಮೋಟಾರು ನಮ್ಮೂರಿನಲ್ಲಿ ಇದ್ದಷ್ಟು ಕಾಲವೂ ಆ ಕೊಳವೆಗೆ ಮಲಮಲು ತಪ್ಪಲಿಲ್ಲ.

ನವಾಬರು ಬೇಗಮರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಲು ಕೂತರು. ಬಂಡೆಪ್ಪ ತನ್ನ ಗತಿ ಏನೆಂದು ಕೇಳಲು ಧೈರ್ಯವಿಲ್ಲದೆ ಕೈಕಟ್ಟಿ ನಿಂತಿದ್ದ. ಮೋಟಾರು ಗುಡುಗಿತು. ಸದ್ದಿನ ಮೇಲಿಂದ ನವಾಬರು ಕೂಗಿದರು.

"ದರೋಗಾ ಸಾಹೇಬ! ಸಾಮಾನೆಲ್ಲಾ ಬಂಡಿಗಿ ಹಾಕ್ಸಿಕೊಂಡು ಹಿಂದ ಬರ್ರಿ!"

ಹಸಿರು ಮೋಟಾರು ಹೋಗುವುದನ್ನು ಬಂಡೆಪ್ಪ ಕಣ್ಣಿಂದ ಮರೆಯಾಗುವವರೆಗೂ ನೋಡಿದನಂತೆ. ಹಿಂದೆ ನೀಲಿ ಹೊಗೆ ಇರಲಿಲ್ಲ. ಅವನಿಗೆ ಕಣ್ಣು ಮಂಜಾದದ್ದು ಧೂಳಿನಿಂದ ಎನ್ನುತ್ತಾನೆ. ಅಲ್ಲ ಎನ್ನುತ್ತಾಳೆ ತಾರಾಬಾಯಿ.

ಬೇಗಮರ ಪೆಟ್ಟಿಗೆಗಳನ್ನು ಎತ್ತಿನ ಬಂಡಿಗೆ ಹೇರಿ, ಅವುಗಳ ಮೇಲೆ ಗಂಡಹೆಂಡತಿ ಕೂತು ಊರ ದಾರಿ ಹಿಡಿದರು. ತಾಂಡೂರು ದಾಟುತ್ತಲೇ ಗಾಲಿ ಕಿರ್ರೆಂದು ಒದರತೊಡಗಿತು. ಬಂಡಿಯವನು ಹಗ್ಗ ಎಳೆದು ಕೈಮುಗಿದ.

"ದರೋಗಾ ಸಾಹೇಬ್ರ, ಗಾಲಿಗಿ ಏನಾಗ್ಯದ ಸ್ವಲ್ಪ ನೋಡ್ರಿ."

ಬಂಡೆಪ್ಪ ಗಂಭೀರವಾಗಿ ಇಳಿದ. ಗಾಲಿಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ಅಚ್ಚನ್ನು ನೋಡಿದ, ನೆಲವನ್ನು ನೋಡಿದ. ಆಮೇಲೆ ತಲೆಯೆತ್ತಿ, ಪೆಟ್ಟಿಗೆಗಳ ಮೇಲೆ ಕೂತಿದ್ದ ಹೆಂಡತಿಯನ್ನು ಬಲು ಮೆತ್ತಗೆ ಕೇಳಿದ.

"ತಾರಾ, ಸಾಮಾನು ಹೇರುವಾಗ ಇದರಾಗೇನಾದ್ರೂ ಮುಚ್ಚಿದೇನು?"

ಹೀಗೆ ತಾನು ಕೇಳಲೇ ಇಲ್ಲ ಎಂದು ಬಂಡೆಪ್ಪ ಈಗಲೂ ಆಣೆ ಮಾಡುತ್ತಾನೆ. ನಾನು ತಾರಾಬಾಯಿಯನ್ನು ನಂಬಿದ್ದೇನೆ.